ಗಡಿಯಾಚೆಯ ನಿಲ್ದಾಣ: ಉಮರ್ಗಾ–ಉದಗೀರ ಸೀಮೆಗೆ ಶಂಷಾಬಾದ್

ಮಹಾರಾಷ್ಟ್ರದ ಧಾರಾಶಿವ ಜಿಲ್ಲೆಯ ಉಮರ್ಗಾ, ಲಾತೂರ ಜಿಲ್ಲೆಯ ನಿಲಂಗಾ ಮತ್ತು ಉದಗೀರ ತಾಲ್ಲೂಕುಗಳ ಆಡಳಿತ ಮುಂಬೈಯಿಂದ ನಡೆಯುತ್ತಿದ್ದರೂ, ಕೊಲ್ಲಿ ರಾಷ್ಟ್ರಗಳ ದುಡಿಮೆಗೆ, ಹೊರದೇಶದ ಓದಿಗೆ ಅಥವಾ ಅಲ್ಲಿ ನೆಲೆಸಿದ ಮಕ್ಕಳ ಮನೆಗೆ ಹೊರಡುವ ಇಲ್ಲಿನ ಕನ್ನಡ, ಮರಾಠಿ, ಉರ್ದು ಮಾತಿನ ಕುಟುಂಬಗಳಿಗೆ ಹತ್ತಿರವಾಗುವ ದೊಡ್ಡ ವಿಮಾನ ನಿಲ್ದಾಣವೆಂದರೆ ತೆಲಂಗಾಣದ ಶಂಷಾಬಾದಿನಲ್ಲಿರುವ ರಾಜೀವ್ ಗಾಂಧಿ ಅಂತರರಾಷ್ಟ್ರೀಯ ವಿಮಾನ ನಿಲ್ದಾಣ. ಈ ಮೂರೂ ಊರುಗಳು 1956ರವರೆಗೆ ಹೈದರಾಬಾದ್ ರಾಜ್ಯದಲ್ಲೇ ಇದ್ದವು; ಅದರಲ್ಲೂ ಉದಗೀರ ಮತ್ತು ನಿಲಂಗಾ ಬೀದರ ಜಿಲ್ಲೆಯ ತಾಲ್ಲೂಕುಗಳಾಗಿದ್ದು, ಭಾಷಾವಾರು ಪುನರ್ವಿಂಗಡಣೆಯಲ್ಲಿ ಆ ಜಿಲ್ಲೆ ಮೂರು ಪಾಲಾದಾಗ ಮರಾಠವಾಡದ ಕಡೆಗೆ ಸೇರಿದವು. ಗಡಿ ಬದಲಾದರೂ ದಾರಿ ಬದಲಾಗಲಿಲ್ಲ ಎಂಬುದಕ್ಕೆ ಇಂದಿನ ವಿಮಾನ ಪ್ರಯಾಣಿಕರ ಓಡಾಟವೇ ಸಾಕ್ಷಿ.

ಬೇಗಂಪೇಟೆಯಿಂದ ಶಂಷಾಬಾದಿಗೆ

ನಿಜಾಮರ ಕಾಲದಲ್ಲಿ ಡೆಕ್ಕನ್ ಏರ್‌ವೇಸ್ ಎಂಬ ಸಂಸ್ಥಾನದ ಸ್ವಂತ ವಿಮಾನ ಕಂಪನಿಗೆ ನೆಲೆಯಾಗಿದ್ದ ಬೇಗಂಪೇಟೆ ನಿಲ್ದಾಣವು, ಆ ಕಂಪನಿ 1953ರಲ್ಲಿ ಇಂಡಿಯನ್ ಏರ್‌ಲೈನ್ಸ್‌ನಲ್ಲಿ ವಿಲೀನವಾದ ಮೇಲೂ ದಶಕಗಳ ಕಾಲ ಹೈದರಾಬಾದಿನ ವಿಮಾನ ಸಂಚಾರವನ್ನು ಹೊತ್ತಿತ್ತು. ಸುತ್ತಲೂ ನಗರ ಬೆಳೆದು ವಿಸ್ತರಣೆಗೆ ಜಾಗವಿಲ್ಲದಂತಾದಾಗ, ಊರಿನಿಂದ ಸುಮಾರು 24 ಕಿಲೋಮೀಟರ್ ದೂರದಲ್ಲಿ, 5,000 ಎಕರೆಗೂ ಹೆಚ್ಚಿನ ಭೂಮಿಯಲ್ಲಿ, ಸರ್ಕಾರ ಮತ್ತು ಖಾಸಗಿ ಬಂಡವಾಳದ ಸಹಭಾಗಿತ್ವದಲ್ಲಿ ಹೊಸ ನಿಲ್ದಾಣ ಕಟ್ಟಲಾಯಿತು. 2008ರ ಮಾರ್ಚ್ 23ರಂದು ಅಲ್ಲಿ ಹಾರಾಟ ಆರಂಭವಾಯಿತು. ಜಿಎಂಆರ್ ಸಮೂಹದ ನೇತೃತ್ವದ ಕಂಪನಿಯು ಇದನ್ನು ನಡೆಸುತ್ತಿದೆ. ಆರಂಭದಲ್ಲಿ ವರ್ಷಕ್ಕೆ 1.2 ಕೋಟಿ ಪ್ರಯಾಣಿಕರಿಗಾಗಿ ರೂಪಿಸಿದ್ದ ಟರ್ಮಿನಲ್, ಅಂದರೆ ಪ್ರಯಾಣಿಕರ ಮುಖ್ಯ ಕಟ್ಟಡವನ್ನು, ಈಚಿನ ವಿಸ್ತರಣೆಯ ಮೂಲಕ 3.4 ಕೋಟಿ ಪ್ರಯಾಣಿಕರ ಮಟ್ಟಕ್ಕೆ ಏರಿಸಲಾಗಿದೆ. 2023-24ರಲ್ಲಿ ಸುಮಾರು 2.5 ಕೋಟಿ ಜನ ಇದನ್ನು ಬಳಸಿದರು.

ನಿಲ್ದಾಣದ ಮುಖ್ಯ ರನ್‌ವೇ 4,260 ಮೀಟರ್ ಉದ್ದವಿದ್ದು, ಎ380ರಂಥ ಭಾರಿ ವಿಮಾನವೂ ಇಳಿಯಬಲ್ಲಷ್ಟು ಸಾಮರ್ಥ್ಯ ಹೊಂದಿದೆ. ರನ್‌ವೇಗಳಿಗೆ ಬರೆದಿರುವ 09 ಮತ್ತು 27 ಎಂಬ ಅಂಕಿಗಳು ದಿಕ್ಸೂಚಿಯ 90 ಮತ್ತು 270 ಡಿಗ್ರಿಗಳನ್ನು, ಅಂದರೆ ಪೂರ್ವ ಮತ್ತು ಪಶ್ಚಿಮವನ್ನು ಸೂಚಿಸುತ್ತವೆ. ವಿಮಾನಗಳು ಗಾಳಿಗೆ ಎದುರಾಗಿಯೇ ಏರಿ ಇಳಿಯಬೇಕಾಗಿರುವುದರಿಂದ, ಪಶ್ಚಿಮದ ಗಾಳಿ ಬೀಸುವ ಮಳೆಗಾಲದಲ್ಲಿ ಅವು ಸಾಮಾನ್ಯವಾಗಿ ಪಶ್ಚಿಮಕ್ಕೆ ಮುಖ ಮಾಡಿ ಹಾರುತ್ತವೆ.

ಕಟ್ಟಡದ ಒಳಗೆ, ಕಟ್ಟಡದ ಹೊರಗೆ

ದೇಶೀಯ ಮತ್ತು ವಿದೇಶಿ ಹಾರಾಟಗಳೆರಡೂ ಒಂದೇ ಸೂರಿನಡಿ ಇರುವುದು ಈ ನಿಲ್ದಾಣದ ಅನುಕೂಲ: ಮೇಲಂತಸ್ತಿನಿಂದ ನಿರ್ಗಮನ, ಕೆಳಗಿನಿಂದ ಆಗಮನ. ವಿದೇಶಕ್ಕೆ ಹೊರಟವರು ಲಗೇಜು ಒಪ್ಪಿಸಿ ಬೋರ್ಡಿಂಗ್ ಪಾಸ್ ಪಡೆದ ಮೇಲೆ, ಪಾಸ್‌ಪೋರ್ಟ್ ಮತ್ತು ವೀಸಾ ಪರಿಶೀಲಿಸುವ ಇಮಿಗ್ರೇಷನ್ ಹಾಗೂ ಮೈ ಮತ್ತು ಕೈಚೀಲ ತಪಾಸಣೆಯ ಭದ್ರತಾ ಹಂತವನ್ನು ದಾಟಬೇಕು. ದೇಶೀಯ ಪ್ರಯಾಣಿಕರಿಗೆ ಇಲ್ಲಿ 2023ರಿಂದ ದೊರೆತಿರುವ ಡಿಜಿಯಾತ್ರಾ ವ್ಯವಸ್ಥೆಯಲ್ಲಿ, ಮೊದಲೇ ಮೊಬೈಲಿನಲ್ಲಿ ನೋಂದಾಯಿಸಿದ ಮುಖಚಿತ್ರವನ್ನೇ ಗುರುತಾಗಿಟ್ಟುಕೊಂಡು ಕ್ಯಾಮೆರಾ ಗೇಟು ತೆರೆಯುತ್ತದೆ. ಸ್ಮಾರ್ಟ್‌ಫೋನ್ ಮತ್ತು ಆಧಾರ್ ಜೋಡಣೆಯ ಅಭ್ಯಾಸವಿಲ್ಲದ ಹಿರಿಯರು ಹಳೆಯ ಸಾಲಿನಲ್ಲೇ ನಿಲ್ಲುತ್ತಾರೆ.

ವಿಶಾಲವಾದ ಒಳಾಂಗಣ, ಸ್ವಚ್ಛತೆ ಮತ್ತು ಸ್ಪಷ್ಟವಾದ ಸೂಚನಾಫಲಕಗಳನ್ನು ಪ್ರಯಾಣಿಕರು ಸಾಮಾನ್ಯವಾಗಿ ಮೆಚ್ಚುತ್ತಾರೆ. ಸಾಲಿನ ಕಾಯುವಿಕೆ, ಶೌಚಾಲಯ, ಸಿಬ್ಬಂದಿಯ ನಡವಳಿಕೆ ಮುಂತಾದವುಗಳ ಬಗ್ಗೆ ಪ್ರಯಾಣಿಕರನ್ನೇ ಕೇಳಿ ಅಂಕ ನೀಡುವ ಎಎಸ್‌ಕ್ಯು ಸಮೀಕ್ಷೆಯ ಪ್ರಶಸ್ತಿಗಳೂ ಈ ನಿಲ್ದಾಣಕ್ಕೆ ಸಂದಿವೆ. ಒಳಗಿನ ಊಟ, ತಿಂಡಿಯ ದುಬಾರಿತನದ ದೂರು ದೇಶದ ಇತರ ದೊಡ್ಡ ನಿಲ್ದಾಣಗಳಂತೆ ಇಲ್ಲಿಯೂ ಇದೆ. ಆದರೆ ಇಂಥ ಸಮೀಕ್ಷೆಯ ಅಳತೆಗೋಲು ನಿಲ್ದಾಣದ ಬಾಗಿಲಿನಿಂದ ವಿಮಾನದ ಬಾಗಿಲಿನವರೆಗೆ ಮಾತ್ರ ಚಾಚುತ್ತದೆ. ಉಮರ್ಗಾ ಅಥವಾ ಉದಗೀರದಿಂದ ಹೊರಟವರ ಅನುಭವದ ಹೆಚ್ಚಿನ ಪಾಲು ಅದರ ಆಚೆಗೇ ಉಳಿಯುತ್ತದೆ. ಟಿಕೆಟ್ ಇಲ್ಲದವರಿಗೆ ಟರ್ಮಿನಲ್ ಪ್ರವೇಶವಿಲ್ಲದ ಕಾರಣ, ಹಜ್ಜಿಗೋ ದುಬೈಗೋ ಹೊರಟ ಒಬ್ಬರನ್ನು ಬೀಳ್ಕೊಡಲು ಒಂದು ಜೀಪು ತುಂಬ ಬಂದ ಬಂಧುಬಳಗಕ್ಕೆ, ಕಟ್ಟಡದ ಎದುರಿನ ಅಂಗಡಿ ಮತ್ತು ತಿನಿಸುಗಳ ಬಯಲೇ ವಿಮಾನ ನಿಲ್ದಾಣ.

ಇನ್ನೂರು ಕಿಲೋಮೀಟರಿನ ಲೆಕ್ಕ

ಉಮರ್ಗಾದವರ ದಾರಿ ರಾಷ್ಟ್ರೀಯ ಹೆದ್ದಾರಿ 65ರಲ್ಲಿ ಹುಮನಾಬಾದ್, ಜಹೀರಾಬಾದ್, ಸಂಗಾರೆಡ್ಡಿಗಳ ಮೂಲಕ ಸಾಗುತ್ತದೆ; ಉದಗೀರದವರು ಕಮಲನಗರ, ಭಾಲ್ಕಿ, ಬೀದರ ದಾಟಿ ಜಹೀರಾಬಾದಿನಲ್ಲಿ ಅದೇ ಹೆದ್ದಾರಿಯನ್ನು ಸೇರಬಹುದು. ಎಲ್ಲಿಂದ ಹೊರಟರೂ ದೂರ ಇನ್ನೂರು ಕಿಲೋಮೀಟರನ್ನು ಮೀರುತ್ತದೆ, ಮತ್ತು ಮೂರು ರಾಜ್ಯಗಳ ನೆಲವನ್ನು ತುಳಿಯಬೇಕಾಗುತ್ತದೆ. ಸ್ವಂತ ಅಥವಾ ಬಾಡಿಗೆ ವಾಹನವಿದ್ದವರಿಗೆ ಪಟಾನ್‌ಚೆರು ಬಳಿ ಹತ್ತಿ ಶಂಷಾಬಾದಿನಲ್ಲಿ ಇಳಿಯಬಹುದಾದ 158 ಕಿಲೋಮೀಟರಿನ ಹೊರ ವರ್ತುಲ ರಸ್ತೆ ನಗರದ ದಟ್ಟಣೆಯನ್ನು ತಪ್ಪಿಸುತ್ತದೆ. ಎಸ್‌ಟಿ ಬಸ್ಸನ್ನೋ ಉದಗೀರದ ರೈಲನ್ನೋ ನಂಬಿದವರು ಮಾತ್ರ ಹೈದರಾಬಾದ್ ನಗರದ ಒಳಕ್ಕೆ ಹೋಗಿ, ಪುಷ್ಪಕ್ ಎಂಬ ನಿಲ್ದಾಣದ ಬಸ್ಸನ್ನೋ ಟ್ಯಾಕ್ಸಿಯನ್ನೋ ಹಿಡಿದು ಮತ್ತೆ ಹೊರಬರಬೇಕು. ವಿದೇಶಿ ವಿಮಾನಗಳಿಗೆ ಮೂರು ಗಂಟೆ ಮೊದಲೇ ಹಾಜರಿರಬೇಕೆಂಬ ಸೂಚನೆ, ಅವುಗಳಲ್ಲಿ ಬಹಳಷ್ಟು ನಡುರಾತ್ರಿ ಅಥವಾ ನಸುಕಿನಲ್ಲಿ ಹೊರಡುವ ರೂಢಿ, ಇವೆರಡನ್ನೂ ಕೂಡಿಸಿದರೆ, ನಾಲ್ಕು ಗಂಟೆಯ ದುಬೈ ಹಾರಾಟಕ್ಕೆ ಮನೆಯಿಂದ ಅರ್ಧ ದಿನ ಮುಂಚೆಯೇ ಹೊರಡಬೇಕಾಗುತ್ತದೆ.

ಸಮೀಪದ ಬೀದರ, ಕಲಬುರಗಿಗಳಲ್ಲೇ ವಿಮಾನ ನಿಲ್ದಾಣಗಳಿದ್ದೂ ಈ ಸ್ಥಿತಿ ಏಕೆ ಎಂಬುದಕ್ಕೆ ಕಾರಣಗಳು ಹಲವು. ಹೈದರಾಬಾದ್ ನಿಲ್ದಾಣಕ್ಕಾಗಿ 2004ರಲ್ಲಿ ಆದ ರಿಯಾಯಿತಿ ಒಪ್ಪಂದ, ಎಂದರೆ ಕಟ್ಟಿ ನಡೆಸುವ ಹಕ್ಕನ್ನು ನಿರ್ದಿಷ್ಟ ಅವಧಿಗೆ ಕಂಪನಿಗೆ ಬಿಟ್ಟುಕೊಡುವ ಕರಾರು, ಹೂಡಿದ ಬಂಡವಾಳದ ರಕ್ಷಣೆಗಾಗಿ 150 ಕಿಲೋಮೀಟರ್ ವೈಮಾನಿಕ ದೂರದೊಳಗೆ ಪೈಪೋಟಿಯ ನಿಲ್ದಾಣಕ್ಕೆ ತಡೆಯೊಡ್ಡಿತು. ವಾಯುಪಡೆಯ ತರಬೇತಿ ನೆಲೆಯಾದ ಬೀದರಿನಲ್ಲಿ ನಾಗರಿಕ ಹಾರಾಟದ ಬೇಡಿಕೆ ವರ್ಷಗಟ್ಟಲೆ ನೆನೆಗುದಿಗೆ ಬಿದ್ದದ್ದು ಇದರಿಂದಲೇ. ಸಣ್ಣ ಊರುಗಳ ಹಾರಾಟಕ್ಕೆ ಸಹಾಯಧನ ನೀಡುವ ಕೇಂದ್ರದ ಉಡಾನ್ ಯೋಜನೆಯ ಬಲದಿಂದ 2020ರ ಫೆಬ್ರುವರಿಯಲ್ಲಿ ಅಲ್ಲಿ ಬೆಂಗಳೂರಿನ ವಿಮಾನ ಆರಂಭವಾಯಿತು. ಅದನ್ನು ನಡೆಸುತ್ತಿದ್ದ ಟ್ರೂಜೆಟ್ ಕಂಪನಿಯೇ 2022ರಲ್ಲಿ ಹಾರಾಟ ನಿಲ್ಲಿಸಿತು. 2019ರ ನವೆಂಬರ್‌ನಲ್ಲಿ ಉದ್ಘಾಟನೆಯಾದ ಕಲಬುರಗಿ ನಿಲ್ದಾಣಕ್ಕೆ ಮೂರು ಕಿಲೋಮೀಟರಿಗೂ ಮಿಕ್ಕ ರನ್‌ವೇ ಇದ್ದರೂ ವಿದೇಶಿ ಹಾರಾಟವಿಲ್ಲ. ವಿಮಾನ ಕಂಪನಿಗಳು ಹುಡುಕುವುದು ರನ್‌ವೇಯ ಉದ್ದಕ್ಕಿಂತ ದಿನದಿನವೂ ಸೀಟು ತುಂಬುವ ಜನರನ್ನು. ಇಮಿಗ್ರೇಷನ್ ಮತ್ತು ಕಸ್ಟಮ್ಸ್ ಸಿಬ್ಬಂದಿಯನ್ನು ನಿಲ್ಲಿಸುವ ವೆಚ್ಚವೂ ಅಂಥ ದಟ್ಟಣೆಯಲ್ಲಷ್ಟೇ ಸಾರ್ಥಕ.

ಆದ್ದರಿಂದ ಪ್ರತಿ ಜಿಲ್ಲೆಗೊಂದು ರನ್‌ವೇ ಎಂಬ ಬೇಡಿಕೆಗಿಂತ, ಇರುವ ದೊಡ್ಡ ನಿಲ್ದಾಣಕ್ಕೆ ನೇರ ದಾರಿ ಒದಗಿಸುವುದೇ ಈ ಗಡಿಸೀಮೆಗೆ ಬೇಗ ಕೈಗೂಡಬಲ್ಲ ಪರಿಹಾರ. ಬೆಂಗಳೂರಿನ ಕೆಂಪೇಗೌಡ ವಿಮಾನ ನಿಲ್ದಾಣದಿಂದ ಮೈಸೂರಿಗೆ ಕೆಎಸ್‌ಆರ್‌ಟಿಸಿ ಓಡಿಸುವ ಫ್ಲೈಬಸ್, ಪ್ರಯಾಣಿಕರನ್ನು ನಗರದ ಮುಖ್ಯ ಬಸ್ ನಿಲ್ದಾಣದಲ್ಲಿ ಇಳಿಸಿ ಹತ್ತಿಸದೆ ದೂರದ ಊರನ್ನು ವಿಮಾನಕ್ಕೆ ಜೋಡಿಸಬಹುದೆಂದು ತೋರಿಸಿದೆ. ಉಮರ್ಗಾದಿಂದ ಹುಮನಾಬಾದಿನ ಮೇಲೆ ಮತ್ತು ಉದಗೀರದಿಂದ ಬೀದರಿನ ಮೇಲೆ ಹೊರಟು, ವರ್ತುಲ ರಸ್ತೆಯಲ್ಲಿ ಶಂಷಾಬಾದ್ ಮುಟ್ಟುವ, ರಾತ್ರಿಯ ವಿಮಾನಗಳ ವೇಳೆಗೆ ಹೊಂದುವ ಎರಡು ಬಸ್ಸುಗಳಿಗೆ ಹೊಸ ಭೂಸ್ವಾಧೀನವಾಗಲಿ ಕಾಂಕ್ರೀಟಾಗಲಿ ಬೇಕಿಲ್ಲ; ಮೂರು ರಾಜ್ಯಗಳ ಸಾರಿಗೆ ಸಂಸ್ಥೆಗಳು ಪರವಾನಗಿ ಮತ್ತು ವೇಳಾಪಟ್ಟಿಯ ವಿಷಯದಲ್ಲಿ ಒಮ್ಮತಕ್ಕೆ ಬಂದರೆ ಸಾಕು.