ಹಾಜರಿ ಪುಸ್ತಕದ 14 ಹೆಸರು

ಬೆಳಿಗ್ಗೆ ಆರಕ್ಕೆ ಮುಂಚೆ ಡೊಂಬಿವಲಿಯಲ್ಲಿ ಸ್ಲೋ ಲೋಕಲ್ ಹತ್ತಿ ಸಾಯನ್‌ನಲ್ಲಿ ಇಳಿಯುತ್ತೇನೆ. ಮುಂಬಯಿ ಮಹಾನಗರಪಾಲಿಕೆ 8 ಭಾಷೆಗಳಲ್ಲಿ ಶಾಲೆ ನಡೆಸುತ್ತದೆ, ಅದರಲ್ಲಿ ಕನ್ನಡವೂ ಒಂದು ಎಂಬುದು ವಿಜಯಪುರದಲ್ಲಿದ್ದಾಗ ನನಗೆ ಗೊತ್ತೇ ಇರಲಿಲ್ಲ.

ಪಾಠಪುಸ್ತಕ ಪುಣೆಯ ಬಾಲಭಾರತಿಯದು. ಅಕ್ಷರ ಕನ್ನಡ, 4ನೇ ತರಗತಿಯ ಇತಿಹಾಸ ಶಿವಾಜಿ ಮಹಾರಾಜರದು. ಸುತ್ತೋಲೆಗಳೆಲ್ಲ ಮರಾಠಿಯಲ್ಲಿ ಬರುತ್ತವೆ. ಮೊದಮೊದಲು ಓದಿ ಹೇಳಲು 7ನೇ ತರಗತಿಯ ಹುಡುಗಿಯನ್ನು ಕರೆಯುತ್ತಿದ್ದೆ. ನಾಚಿಕೆ ಏಕೆ, ಅವಳ ಮರಾಠಿ ನನ್ನದಕ್ಕಿಂತ ಚೆನ್ನಾಗಿತ್ತು!

ಮಕ್ಕಳ ತಂದೆತಾಯಿ ಹೆಚ್ಚಾಗಿ ಕಲಬುರಗಿ, ಯಾದಗಿರಿ ಕಡೆಯಿಂದ ಕಟ್ಟಡ ಕೆಲಸಕ್ಕೆ ಬಂದವರು. ಕೆಲವರ ಮನೆಮಾತು ಲಂಬಾಣಿ, ಗಲ್ಲಿಯಲ್ಲಿ ಹಿಂದಿ. ಅವರಿಗೆ ಕನ್ನಡ ಸಿಗುವುದು ಶಾಲೆಯಲ್ಲಷ್ಟೇ. ಕೆಲಸ ಮುಗಿದರೆ ಸಂಸಾರವೇ ಬೇರೆ ಕಡೆ ಹೊರಡುತ್ತದೆ. ಜೂನ್‌ನಲ್ಲಿ 19 ಇದ್ದ ನನ್ನ ತರಗತಿ ದೀಪಾವಳಿ ರಜೆ ಕಳೆದ ಮೇಲೆ 14ಕ್ಕೆ ಇಳಿಯಿತು. ಇನ್ನೂ ಇಳಿದರೆ ಮತ್ತೊಂದು ತರಗತಿಯೊಡನೆ ಸೇರಿಸಿಬಿಡುತ್ತಾರೆ. ಅದಕ್ಕೇ ಶನಿವಾರ ಮಧ್ಯಾಹ್ನ ಗಲ್ಲಿ ಸುತ್ತುತ್ತೇನೆ.

ಕಳೆದ ವಾರ ಒಬ್ಬ ತಾಯಿ ಬಾಗಿಲಲ್ಲೇ ಕೇಳಿದರು: "ಕನ್ನಡ ಕಲ್ತು ಇಲ್ಲೇನ್ ಮಾಡ್ತಾನ್ರೀ ಟೀಚರ್? ಇಂಗ್ಲಿಷ್ ಸಾಲಿಗಿ ಹಾಕ್ತೀವಿ."

ತಟ್ಟನೆ ಒಳ್ಳೆಯ ಉತ್ತರ ಹೊಳೆಯಲಿಲ್ಲ. "ಊರಿಗಿ ಹೋದಾಗ ಬಸ್ಸಿನ ಬೋರ್ಡರೆ ಓದ್ತಾನಲ್ಲವ್ವಾ" ಅಂದೆ. ಆಕೆ ನಕ್ಕರು.

ಸೋಮವಾರ ಹುಡುಗ ಬಂದಿದ್ದ, ತಂಗಿಯನ್ನೂ ಕರೆದುಕೊಂಡು.