ಧ್ವನಿಮುದ್ರಿಕಾಯಂತ್ರದ ತೋಳಿನ ಸಮತೋಲ

ಶಿಲಾಶಾಸನವನ್ನು ಎಷ್ಟು ಬಾರಿ ಓದಿದರೂ ಅದರ ಅಕ್ಷರಗಳು ಸವೆಯುವುದಿಲ್ಲ. ಧ್ವನಿಮುದ್ರಿಕೆಯಾದರೋ ಓದುವ ಸೂಜಿಯಿಂದಲೇ ಸವೆಯುವ ಆಕರ. 1902ರಲ್ಲಿ ಕಲ್ಕತ್ತೆಯಲ್ಲಿ ಗ್ರಾಮಫೋನ್ ಕಂಪನಿಗಾಗಿ ಹಾಡಿದ ಗೌಹರ್ ಜಾನ್ ಅವರು 1928ರಲ್ಲಿ ಮೈಸೂರು ಅರಮನೆಯ ಗಾಯಕಿಯಾಗಿ ನೇಮಕಗೊಂಡು, 1930ರ ಜನವರಿ 17ರಂದು ಮೈಸೂರಿನಲ್ಲೇ ನಿಧನರಾದರು. ಅವರ ಕಂಠವು ನಮಗೆ ದೊರೆಯುವುದು ಅರಗಿನ ತಟ್ಟೆಗಳ ಗೀರುಗಳಿಂದ. ಆದಕಾರಣ ಇಂತಹ ತಟ್ಟೆಗಳನ್ನು ನುಡಿಸುವ ಯಂತ್ರದ ತೋಳನ್ನು ಹೇಗೆ ಸಮತೂಗಿಸಬೇಕೆಂಬುದು ಇತಿಹಾಸದ ವಿದ್ಯಾರ್ಥಿಗೂ ಸಂಬಂಧಿಸಿದ ಪ್ರಶ್ನೆಯಾಗಿದೆ.

ಹಳೆಯ ಕೀಲಿ ಗ್ರಾಮಫೋನಿನ ಸೂಜಿಯ ಮೇಲೆ ನೂರು ಗ್ರಾಂಗಿಂತ ಹೆಚ್ಚು ಭಾರ ಬೀಳುತ್ತಿತ್ತು. 1948ರಲ್ಲಿ ಬಂದ ದೀರ್ಘವಾದನದ ವಿನೈಲ್ ತಟ್ಟೆಯ ಗೀರು ಅತಿ ಸೂಕ್ಷ್ಮವಾದುದು; ಇಂದಿನ ಸೂಜಿಗಳಿಗೆ ಸಾಮಾನ್ಯವಾಗಿ 2 ಗ್ರಾಂನಷ್ಟು ಭಾರ ಸಾಕು. ನೂರರಲ್ಲಿ ಅರ್ಧ ಗ್ರಾಂನ ತಪ್ಪು ಗಣನೆಗೆ ಬಾರದು. ಎರಡರಲ್ಲಿ ಅದು ಕಾಲುಭಾಗ.

ಈ ಭಾರವನ್ನು ಒದಗಿಸುವ ಕ್ರಮಗಳು ಎರಡು. ಮೊದಲನೆಯದರಲ್ಲಿ ತೋಳಿನ ಹಿಂತುದಿಯ ತೂಕವನ್ನು ಸರಿಸಿ, ತೋಳು ತಕ್ಕಡಿಯ ದಂಡಿಯಂತೆ ಸಮನಾಗಿ ನಿಲ್ಲುವ ಹಾಗೆ ಮಾಡುತ್ತಾರೆ. ಅನಂತರ ಆ ತೂಕವನ್ನು ಬೇಕಾದಷ್ಟು ಮುಂದಕ್ಕೆ ತರುತ್ತಾರೆ. ಎರಡನೆಯದರಲ್ಲಿ ತೋಳು ಸಮನಾಗಿಯೇ ಉಳಿದು, ಒಂದು ಸ್ಪ್ರಿಂಗು ಸೂಜಿಯನ್ನು ಒತ್ತುತ್ತದೆ. ಮೊದಲ ಕ್ರಮವು ಸರಳ. ಆದರೆ ಅಲ್ಲಿ ತೋಳಿನ ಮುಂಭಾಗ ಭಾರವಾಗಿರುವುದರಿಂದ ಯಂತ್ರವು ವಾಲಿದರೆ ತೋಳೂ ಆ ಕಡೆಗೆ ಎಳೆಯಲ್ಪಡುತ್ತದೆ. ಎರಡನೆಯದಕ್ಕೆ ಈ ದೋಷವು ಅಷ್ಟಾಗಿ ತಟ್ಟದು.

ಇದಲ್ಲದೆ, ತೋಳು ಬಾಗಿದ ಆಕಾರದ್ದಾಗಿರುವುದರಿಂದ ಗೀರಿನ ಘರ್ಷಣೆಯು ಸೂಜಿಯನ್ನು ತಟ್ಟೆಯ ಕೇಂದ್ರದ ಕಡೆಗೆ ಸೆಳೆಯುತ್ತದೆ. ಆಗ ಒಳಗೋಡೆಯ ಮೇಲೆ ಒತ್ತಡ ಹೆಚ್ಚಿ ಹೊರಗೋಡೆಯ ಮೇಲೆ ಕುಗ್ಗುತ್ತದೆ. ಸ್ಟೀರಿಯೋ ತಟ್ಟೆಯಲ್ಲಿ ಬಲಗಡೆಯ ಧ್ವನಿ ಕೆತ್ತಲ್ಪಟ್ಟಿರುವುದು ಹೊರಗೋಡೆಯಲ್ಲಿ. ಸಿಂಗಸಂದ್ರದ ನಮ್ಮ ಮನೆಯಲ್ಲಿ ತಟ್ಟೆಯ ಕೊನೆಯ ಹಾಡಿನಲ್ಲಿ ಬಲಗಡೆಯ ಧ್ವನಿ ಮಾತ್ರ ಒಡೆಯುತ್ತಿದ್ದುದನ್ನು ಕಂಡು, ತಟ್ಟೆಯೇ ಸವೆದಿದೆಯೆಂದು ನಾವು ಬಹುದಿನ ಭಾವಿಸಿದ್ದೆವು. ರಸಮಟ್ಟವನ್ನಿಟ್ಟು ನೋಡಿದಾಗ ಮೇಜು ಎಡಕ್ಕೆ ವಾಲಿತ್ತು. ಮೇಜನ್ನು ಮಟ್ಟಮಾಡಿ, ಪಕ್ಕದ ಸೆಳೆತಕ್ಕೆ ಪ್ರತಿಯಾದ ಎಳೆತವನ್ನು ಸರಿಪಡಿಸಿದ ಮೇಲೆ ಧ್ವನಿ ಸ್ವಚ್ಛವಾಯಿತು.

ಭಾರ ಕಡಿಮೆಯಾದಷ್ಟೂ ತಟ್ಟೆಗೆ ಕ್ಷೇಮವೆಂಬ ನಂಬಿಕೆ ಬಹುಜನರಲ್ಲಿದೆ. ಇದು ಸರಿಯಲ್ಲ. ಭಾರ ಸಾಲದಿದ್ದರೆ ಏರುಧ್ವನಿಯ ಎಡೆಗಳಲ್ಲಿ ಸೂಜಿಯು ಗೋಡೆಯನ್ನು ಬಿಟ್ಟು ಮತ್ತೆ ಬಡಿಯುತ್ತದೆ; ಆ ಪೆಟ್ಟಿನ ಗಾಯ ಮಾಯುವುದಿಲ್ಲ. ಭಾರ ಮಿತಿಮೀರಿದರೂ ಸವೆತ ತಪ್ಪದು. ಆದುದರಿಂದ ತಯಾರಕರು ಸೂಚಿಸಿದ ಮಿತಿಯೊಳಗೆ, ತೀರ ಕೆಳಗಿನ ಅಂಕೆಗಿಂತ ಮೇಲಿನದನ್ನು ಆರಿಸುವುದೇ ಯುಕ್ತ. 78 ಸುತ್ತಿನ ತಟ್ಟೆಗಳಿಗೆ ಅಗಲವಾದ ತುದಿಯ ಸೂಜಿಯೇ ಬೇಕು; ಸೂಕ್ಷ್ಮಸೂಜಿಯು ಅವುಗಳ ಗೀರಿನ ತಳದಲ್ಲಿ ಅಲೆಯುತ್ತದೆ.

ಹಳೆಯ ತಟ್ಟೆಯಿಂದ ಪ್ರತಿಯನ್ನು ತೆಗೆಯುವವರು ಸೂಜಿಯ ಅಳತೆಯನ್ನೂ ಭಾರವನ್ನೂ ಬರೆದಿಡಬೇಕೆಂದು ನಮ್ಮ ಅಭಿಪ್ರಾಯ. ಇಲ್ಲವಾದರೆ ತೋಳಿನ ದೋಷವನ್ನು ಗಾಯಕರ ಕಂಠದೋಷವೆಂದು ನಾವು ಇತಿಹಾಸದಲ್ಲಿ ದಾಖಲಿಸುವ ಸಂಭವವಿದೆ.