ಯಾರೂ ನೋಡದ ಬಿಟ್‌ಗಳಲ್ಲಿ ನಡೆಯುವ ಪವಾಡ

512 ಬಿಟ್. ಬೈಟ್ ಲೆಕ್ಕದಲ್ಲಿ ಬರೀ 64. ಯುಟಿಎಫ್-8ರಲ್ಲಿ ಕನ್ನಡದ ಒಂದೊಂದು ಚಿಹ್ನೆಗೆ 3 ಬೈಟ್ ಬೇಕು. ಹಾಗಾಗಿ 21 ಚಿಹ್ನೆ ತುಂಬುವಷ್ಟರಲ್ಲಿ ಈ ಜಾಗ ಮುಗಿದೇ ಹೋಗುತ್ತದೆ. ಇಷ್ಟು ಪುಟ್ಟ ಜಾಗದಲ್ಲಿ ಒಂದು ನೆಟ್‌ವರ್ಕ್ ಕಾರ್ಡಿನ ಇಡೀ ಹಣೆಬರಹ ಅಡಗಿದೆ: ಮೆಮೊರಿಯ ಯಾವ ಪುಟವನ್ನು ಅದು ಮುಟ್ಟಬಹುದು, ಯಾವುದರ ಹತ್ತಿರ ಸುಳಿಯಲೂ ಬಾರದು. ಆಶ್ಚರ್ಯ ಇದಲ್ಲ. ಕಾರ್ಡು ಪೂರ್ತಿ ವೇಗದಲ್ಲಿ ಕೆಲಸ ಮಾಡುತ್ತಿರುವಾಗಲೇ, ಅದಕ್ಕೆ ಸುಳಿವೂ ಸಿಗದ ಹಾಗೆ, ಆ ಹಣೆಬರಹವನ್ನು ಅಳಿಸಿ ಬೇರೆ ಬರೆಯಬಹುದು! ಲಿನಕ್ಸ್ ಕರ್ನಲ್ಲಿನ ಕೆಲವೇ ಸಾಲುಗಳು ಇದನ್ನು ಮಾಡುತ್ತವೆ. ಅವನ್ನು ಓದಿದ ದಿನ ನನಗೆ ನಿದ್ದೆ ಬರಲಿಲ್ಲ.

ಸ್ವಲ್ಪ ಹಿಂದಿನಿಂದ ಹೇಳುತ್ತೇನೆ. ಕಂಪ್ಯೂಟರಿನೊಳಗಿನ ಡಿಸ್ಕು, ನೆಟ್‌ವರ್ಕ್ ಕಾರ್ಡು, ಗ್ರಾಫಿಕ್ಸ್ ಚಿಪ್ಪು ಇವೆಲ್ಲ ಪ್ರತಿ ಬೈಟಿಗೂ ಪ್ರೊಸೆಸರಿನ ಅಪ್ಪಣೆ ಕೇಳುತ್ತ ಕೂರುವುದಿಲ್ಲ. ನೇರವಾಗಿ ಮೆಮೊರಿಗೆ ಕೈ ಹಾಕುತ್ತವೆ. ಡಿಎಂಎ ಎಂದರೆ ಇದೇ. ಹಾಗೆ ಬಿಟ್ಟರೆ ಒಂದು ಕೆಟ್ಟ ಕಾರ್ಡು ಇಡೀ ಯಂತ್ರವನ್ನೇ ಕೆಡಿಸಬಹುದು. ಆದ್ದರಿಂದ ನಡುವೆ ಐಓಎಂಎಂಯು ಎಂಬ ಯಂತ್ರಾಂಶ ಕೂತಿರುತ್ತದೆ. ಸಾಧನ ಹೇಳುವ ವಿಳಾಸ ಒಂದು, ಮೆಮೊರಿಯಲ್ಲಿರುವ ನಿಜವಾದ ವಿಳಾಸ ಇನ್ನೊಂದು. ಒಂದನ್ನು ಇನ್ನೊಂದಕ್ಕೆ ತಿರುಗಿಸುವುದು, ಪಟ್ಟಿಯಲ್ಲಿ ಇಲ್ಲದ ವಿಳಾಸವನ್ನು ತಡೆಯುವುದು ಇದರ ಕೆಲಸ. ಹೀಗೆ ತಿರುಗಿಸುವ ಒಂದು ಪೂರ್ತಿ ನಕ್ಷೆಗೆ ಕರ್ನಲ್ ಮಂದಿ ಡೊಮೇನ್ ಅನ್ನುತ್ತಾರೆ. ಆರ್ಮ್ ಪ್ರೊಸೆಸರುಗಳ ಲೋಕದಲ್ಲಿ ಈ ಯಂತ್ರಾಂಶದ ಹೆಸರು ಎಸ್‌ಎಂಎಂಯು-ವಿ3. ಪ್ರತಿ ಸಾಧನಕ್ಕೂ ಅದರ ಸ್ಟ್ರೀಮ್ ಟೇಬಲ್ಲಿನಲ್ಲಿ ಒಂದು ದಾಖಲೆ ಇರುತ್ತದೆ. ನಾನು ಹೇಳಿದ 512 ಬಿಟ್ ಅದೇ.

ನಕ್ಷೆಯನ್ನು ನಡುವೆ ಬದಲಿಸುವ ಪಾಡು ಯಾಕೆ ಬರುತ್ತದೆ? ಯಂತ್ರ ಶುರುವಾದ ಕೂಡಲೇ ಪರದೆಯ ಮೇಲೆ ಕಾಣುವ ಕಂಪನಿಯ ಲೋಗೋ ನೆನಪಿಸಿಕೊಳ್ಳಿ. ಅದನ್ನು ಬರೆದಿಟ್ಟದ್ದು ಫರ್ಮ್‌ವೇರ್. ಕರ್ನಲ್ ಎದ್ದು ಕಣ್ಣುಜ್ಜಿಕೊಳ್ಳುವ ಹೊತ್ತಿಗೂ ಡಿಸ್‌ಪ್ಲೇ ಚಿಪ್ಪು ಆ ಮೆಮೊರಿಯನ್ನು ಬಿಡದೆ ಓದುತ್ತಲೇ ಇರುತ್ತದೆ. ಕರ್ನಲ್ ತನ್ನ ಹೊಸ ನಕ್ಷೆಯಲ್ಲೂ ಆ ಜಾಗವನ್ನು ಅದೇ ವಿಳಾಸದಲ್ಲಿ ಇಡಬೇಕು, ಒಂದು ಕ್ಷಣವೂ ಕಡಿಯದಂತೆ ದಾಟಬೇಕು. ವರ್ಚುವಲ್ ಮಷೀನುಗಳದ್ದು ಇನ್ನೂ ದೊಡ್ಡ ಕಥೆ. ಒಳಗಿನ ಅತಿಥಿ ವ್ಯವಸ್ಥೆ ತನಗೆ ಬೇಕೆನಿಸಿದಾಗ ನಕ್ಷೆ ಬದಲಿಸುತ್ತದೆ, ಹೊರಗಿನ ಕರ್ನಲ್ ಅದನ್ನು ನಿಜವಾದ ಯಂತ್ರಾಂಶದಲ್ಲಿ ನಡೆಸಿಕೊಡಬೇಕು. 2023ರ ಫೆಬ್ರವರಿಯಲ್ಲಿ ಬಂದ ಲಿನಕ್ಸ್ 6.2ರಲ್ಲಿ ಐಓಎಂಎಂಯು-ಎಫ್‌ಡಿ ಎಂಬ ಹೊಸ ಸೌಲಭ್ಯ ಸೇರಿದ ಮೇಲೆ ಈ ಬೇಡಿಕೆ ಜೋರಾಯಿತು.

ಹಳೆಯ ದಾರಿ ಸರಳ: ಬಿಡಿಸು, ಆಮೇಲೆ ಜೋಡಿಸು. ನಡುವಿನ ಸಂದಿಯಲ್ಲಿ ಬಂದ ಕೋರಿಕೆಗಳಿಗೆ ದಿಕ್ಕಿಲ್ಲ. ಸಂದಿ ಎಷ್ಟು ಚಿಕ್ಕದಾದರೇನು? ಸೆಕೆಂಡಿಗೆ 100 ಗಿಗಾಬಿಟ್ ಸಾಗಿಸುವ ಕಾರ್ಡಿನಲ್ಲಿ ಒಂದೇ ಮೈಕ್ರೊಸೆಕೆಂಡಿಗೆ 12,500 ಬೈಟ್ ಬಂದು ಬೀಳುತ್ತದೆ. 1,500 ಬೈಟಿನ ಪ್ಯಾಕೆಟ್ ಆದರೆ ಎಂಟು ಪ್ಯಾಕೆಟ್ ಹೋದಂತೆಯೇ.

ಮುಂಬಯಿಯ ಲೋಕಲ್ ರೈಲು ಮಾರ್ಗದಲ್ಲಿರುವ ನಮ್ಮ ಅಂಬರನಾಥದ ಜನಕ್ಕೆ ಇಂಥ ಸಂದಿ ಹೊಸದಲ್ಲ. ಮುಂಬಯಿಯಲ್ಲಿ 1925ರ ಫೆಬ್ರವರಿ 3ರಂದು ದೇಶದ ಮೊದಲ ವಿದ್ಯುತ್ ರೈಲು ಓಡಿದ್ದು 1,500 ವೋಲ್ಟ್ ಡಿಸಿಯಲ್ಲಿ. ಮಧ್ಯ ರೈಲ್ವೆ ಅದನ್ನು 25,000 ವೋಲ್ಟ್ ಎಸಿಗೆ ಹಂತಹಂತವಾಗಿ ಬದಲಿಸಿ, ಮುಖ್ಯ ಮಾರ್ಗದ ಕೊನೆಯ ತುಂಡನ್ನು ಮುಗಿಸಿದ್ದು 2015ರಲ್ಲಿ. ಆ ವರ್ಷಗಳಲ್ಲಿ ಲೋಕಲ್ ಹತ್ತಿದವರಿಗೆ ನೆನಪಿರಬಹುದು: ಒಂದು ತಂತಿ ಮುಗಿದು ಇನ್ನೊಂದು ಶುರುವಾಗುವ ಕಡೆ ಫ್ಯಾನು ನಿಲ್ಲುತ್ತಿತ್ತು, ಮೋಟರ್‌ಮನ್ ಪವರ್ ತೆಗೆದು ಗಾಡಿಯನ್ನು ಅದರ ಓಟಕ್ಕೆ ಬಿಡುತ್ತಿದ್ದ. ಗಾಡಿಗೆ ಓಟದ ಜೋರು ಇರುತ್ತದೆ, ದಾಟಿಕೊಳ್ಳುತ್ತದೆ. ನೆಟ್‌ವರ್ಕ್ ಕಾರ್ಡಿಗೆ ಆ ಭಾಗ್ಯವೂ ಇಲ್ಲ. ಅದಕ್ಕೆ ಪ್ರತಿ ನ್ಯಾನೊಸೆಕೆಂಡಿನಲ್ಲೂ ತಂತಿ ಬೇಕು.

ಈಗ ನಿಜವಾದ ತೊಡಕಿಗೆ ಬರೋಣ. ದಾಖಲೆ 512 ಬಿಟ್. ಆದರೆ ಕರ್ನಲ್ಲಿನ ಕೋಡು ಒಂದೇ ಏಟಿಗೆ, ಅರ್ಧಂಬರ್ಧ ಕಾಣದ ಹಾಗೆ, ಬರೆಯಬಹುದೆಂದು ನಂಬುವುದು 64 ಬಿಟ್ ಮಾತ್ರ. ಅಂದರೆ ಎಂಟು ವರ್ಡು, ಎಂಟು ಬರವಣಿಗೆ. ಆ ಎಂಟರ ನಡುವೆ ಯಾವ ಗಳಿಗೆಯಲ್ಲಿ ಬೇಕಾದರೂ ಎಸ್‌ಎಂಎಂಯು ಬಂದು ದಾಖಲೆ ಓದಬಹುದು. ಮೂರು ವರ್ಡು ಹೊಸದು, ಐದು ಹಳೆಯದು ಎಂಬ ಎಡಬಿಡಂಗಿ ಅದರ ಕೈಗೆ ಸಿಕ್ಕರೆ? ಯಾರದೋ ಮೆಮೊರಿಗೆ ಯಾರದೋ ಬೈಟು!

2024ರ ಮೇ ತಿಂಗಳಲ್ಲಿ ಬಂದ ಲಿನಕ್ಸ್ 6.9ರಲ್ಲಿ ಇದಕ್ಕೆ ಉತ್ತರ ಸೇರಿತು. ಬರೆದವರು ಎನ್ವಿಡಿಯಾದ ಜೇಸನ್ ಗುಂಥಾರ್ಪ್. ಈ ಕೆಲಸ ಮಾಡುವ ಫಂಕ್ಷನ್ನಿನ ಈಗಿನ ಹೆಸರು ಆರ್ಮ್_ಎಸ್‌ಎಂಎಂಯು_ರೈಟ್_ಎಂಟ್ರಿ. ಉಪಾಯ ಎಷ್ಟು ಸೊಗಸಾಗಿದೆ ಎಂದರೆ, ಓದಿದ ಮೇಲೆ ಇದು ನಮಗೇಕೆ ಹೊಳೆಯಲಿಲ್ಲ ಅನಿಸುತ್ತದೆ. ಯಂತ್ರಾಂಶ ಯಾವ ಸ್ಥಿತಿಯಲ್ಲೂ ಅಷ್ಟೂ 512 ಬಿಟ್‌ಗಳನ್ನು ನೋಡುವುದಿಲ್ಲ! ಈಗಿನ ಸ್ಥಿತಿಗೆ ಬೇಕಾದವನ್ನು ಮಾತ್ರ ನೋಡಿ ಉಳಿದವನ್ನು ಅಲಕ್ಷಿಸುತ್ತದೆ. ಅಲಕ್ಷಿಸಿದ ಬಿಟ್‌ಗಳಲ್ಲಿ ಏನು ಬರೆದರೂ ಕೇಳುವವರಿಲ್ಲ. ಹಾಗಾದರೆ ಹೊಸ ಸ್ಥಿತಿಗೆ ಬೇಕಾದದ್ದನ್ನು ಮುಂಚೆಯೇ ಅಲ್ಲಿ ಬರೆದಿಟ್ಟುಬಿಡಿ.

ಹತ್ತಿರದಿಂದ ನೋಡೋಣ. ಸಾಧನವೊಂದು ಬೈಪಾಸ್‌ನಲ್ಲಿದೆ, ಅಂದರೆ ವಿಳಾಸದ ಅನುವಾದವಿಲ್ಲದೆ ನೇರ ಮೆಮೊರಿಗೆ ಹೋಗುತ್ತಿದೆ. ಸೊನ್ನೆಯನೇ ವರ್ಡಿನಲ್ಲಿ ಕಾನ್ಫಿಗ್ ಎಂಬ ಮೂರು ಬಿಟ್ ಇವೆ; ಬೈಪಾಸ್‌ಗೆ ಅವು 100, ಮೊದಲ ಹಂತದ ಅನುವಾದಕ್ಕೆ 101. ಅನುವಾದಕ್ಕೆ ಬೇಕಾದ ಇನ್ನೂ ಹಲವು ಸೂಚನೆಗಳು ಒಂದನೇ ವರ್ಡಿನಲ್ಲಿವೆ. ಬೈಪಾಸ್‌ನಲ್ಲಿರುವ ಎಸ್‌ಎಂಎಂಯು ಅವುಗಳ ಕಡೆ ತಿರುಗಿಯೂ ನೋಡುವುದಿಲ್ಲ. ಆದ್ದರಿಂದ ಮೊದಲು ಅವನ್ನು ಬರೆಯುವುದು. ಆಮೇಲೆ, ದಾಖಲೆಯ ಹಳೇ ಪ್ರತಿ ನಿನ್ನ ಬಳಿ ಇದ್ದರೆ ಎಸೆದುಬಿಡು ಎಂದು ಎಸ್‌ಎಂಎಂಯುಗೆ ಆಜ್ಞೆ ಕೊಟ್ಟು, ಅದು ಮುಗಿಯುವ ತನಕ ಕಾಯುವುದು. ಎರಡನೇ ಹೆಜ್ಜೆಯಲ್ಲಿ ಸೊನ್ನೆಯನೇ ವರ್ಡು ಒಂದನ್ನೇ, ಒಂದೇ ಏಟಿಗೆ, ಬರೆಯುವುದು. ಹೊಸ ನಕ್ಷೆಯತ್ತ ಕರೆದೊಯ್ಯುವ ಕೋಷ್ಟಕದ ವಿಳಾಸವೂ ಅದೇ ವರ್ಡಿನಲ್ಲಿದೆ. 100 ಹೋಗಿ 101 ಆಗುವ ಚಣದಲ್ಲೇ ವಿಳಾಸವೂ ಬಂದು ಕೂರುತ್ತದೆ! ಮತ್ತೆ ಆಜ್ಞೆ, ಮತ್ತೆ ಕಾಯುವುದು. ಮೂರನೆಯದಾಗಿ, ಹಳೆಯ ಸ್ಥಿತಿಗೆ ಮಾತ್ರ ಬೇಕಿದ್ದ ಬಿಟ್‌ಗಳನ್ನು ಸೊನ್ನೆ ಮಾಡಿ ಗುಡಿಸಿ ಹಾಕುವುದು. ಎಸ್‌ಎಂಎಂಯು ಯಾವ ಗಳಿಗೆಯಲ್ಲಿ ಓದಿದರೂ ಅದಕ್ಕೆ ಸಿಗುವುದು ಪೂರ್ತಿ ಹಳೆಯದು ಇಲ್ಲವೇ ಪೂರ್ತಿ ಹೊಸದು. ನಡುವಿನದೊಂದು ಸ್ಥಿತಿ ಅದರ ಪಾಲಿಗೆ ಹುಟ್ಟಿಯೇ ಇಲ್ಲ.

ಇಂಥ ಕೋಡನ್ನು ರಿವ್ಯೂ ಮಾಡುವುದು ಸಾಮಾನ್ಯ ಓದಲ್ಲ. ಪ್ರತಿ ಸಾಲಿನ ಕೊನೆಗೂ ನಿಂತು, ಈಗ ಯಂತ್ರಾಂಶ ಬಂದು ನೋಡಿದರೆ ಏನು ಕಂಡೀತು ಎಂದು ಕೇಳಿಕೊಳ್ಳಬೇಕು. ಯಾವ ಸ್ಥಿತಿಯಲ್ಲಿ ಯಾವ ಬಿಟ್ ಬಳಕೆಯಲ್ಲಿದೆ ಎಂಬ ಪಟ್ಟಿಯನ್ನು ಆರ್ಮ್‌ನ ದಪ್ಪ ಕೈಪಿಡಿಯೊಂದಿಗೆ ತಾಳೆ ನೋಡಬೇಕು. ಪಟ್ಟಿಯಲ್ಲಿ ಒಂದೇ ಒಂದು ಬಿಟ್ ಬಿಟ್ಟುಹೋದರೂ ಮೂರು ಹೆಜ್ಜೆಯ ಈ ಕಟ್ಟಡ ಕುಸಿಯುತ್ತದೆ, ಅದೂ ಸದ್ದಿಲ್ಲದೆ. ನನ್ನ ಮಟ್ಟಿಗೆ ಇಡೀ ಕೋಡಿನ ಜೀವ ಇರುವುದು ಆ ಪಟ್ಟಿಯಲ್ಲೇ, ಮಿಕ್ಕದ್ದು ಅಂಕಗಣಿತ.

ಬರೆದವರಿಗೂ ಇದು ಗೊತ್ತಿತ್ತು ಅನ್ನಲು ಕೋಡಿನ ಜೊತೆಗಿರುವ ಪರೀಕ್ಷೆಗಳೇ ಸಾಕ್ಷಿ. ಪ್ರತಿ ಹೆಜ್ಜೆಯಲ್ಲೂ ಪರೀಕ್ಷೆ ತಡೆದು ನಿಲ್ಲುತ್ತದೆ, ಬಳಕೆಯಲ್ಲಿರುವ ಬಿಟ್‌ಗಳು ಹಳೆಯದಕ್ಕೋ ಹೊಸದಕ್ಕೋ ಸರಿಹೊಂದುತ್ತವೆಯೇ ಎಂದು ನೋಡುತ್ತದೆ, ಎಷ್ಟು ಬಾರಿ ಕಾಯಬೇಕಾಯಿತು ಎಂದು ಎಣಿಸುತ್ತದೆ. ಬಳಕೆಯಲ್ಲಿರುವ ಬಿಟ್‌ಗಳು ಎರಡು ವರ್ಡುಗಳಲ್ಲಿ ಒಟ್ಟಿಗೇ ಬದಲಾಗಬೇಕಾದರೆ ಈ ಜಾಣತನ ನಡೆಯುವುದಿಲ್ಲ. ಆಗ ಕೋಡು ದಾಖಲೆಯನ್ನು ಚಣಕಾಲ ಅಸಿಂಧು ಮಾಡಿ, ಬಂದ ಕೋರಿಕೆಗಳು ಬಿದ್ದುಹೋಗಲು ಬಿಟ್ಟು, ಹೊಸದನ್ನು ಬರೆಯುತ್ತದೆ. ತಮಾಷೆ ಕೇಳಿ: ಆ ದಾರಿಯನ್ನು ಪರೀಕ್ಷಿಸಲು ದಿನನಿತ್ಯ ಎದುರಾಗದ ಬದಲಾವಣೆಯೊಂದನ್ನು ಪರೀಕ್ಷೆ ಬರೆದವರು ಕೃತಕವಾಗಿ ಹುಟ್ಟಿಸಬೇಕಾಯಿತು. ಕೋಷ್ಟಕದ ವಿಳಾಸವನ್ನೂ ಮುಂದಿನ ವರ್ಡಿನ ಒಂದು ಸೂಚನೆಯನ್ನೂ ಒಟ್ಟಿಗೆ ಬದಲಿಸಿದರು. ಹೀಗೆ ವಾಸ್ತವದಲ್ಲಿ ಯಾರೂ ಮಾಡುವುದಿಲ್ಲ ಎಂದು ಅಲ್ಲೇ ಟಿಪ್ಪಣಿಯನ್ನೂ ಬರೆದಿಟ್ಟರು.

ಇದೇ ತೊಡಕು ಎಎಂಡಿ ಪ್ರೊಸೆಸರುಗಳ ಐಓಎಂಎಂಯುನಲ್ಲೂ ಇದೆ. ಅಲ್ಲಿ ಸಾಧನದ ದಾಖಲೆ 256 ಬಿಟ್. ಅಲ್ಲಿನ ಪ್ರೊಸೆಸರು ಒಂದೇ ಏಟಿಗೆ 128 ಬಿಟ್ ಬರೆಯಬಲ್ಲದು, ಹಾಗಾಗಿ ಎರಡು ಅರ್ಧ. ಹೊಸದಾಗಿ ಹೂಡುವಾಗ ಮೇಲರ್ಧ ಮೊದಲು, ದಾಖಲೆ ಸಿಂಧು ಎಂದು ಹೇಳುವ ಬಿಟ್ ಇರುವ ಕೆಳಗರ್ಧ ಆಮೇಲೆ. ಎಎಂಡಿಯ ಐಓಎಂಎಂಯು ಪ್ಯಾಚುಗಳನ್ನು ತಿರುವಿದರೆ ವಸಂತ್ ಹೆಗ್ಡೆ ಎಂಬ ಹೆಸರು ಮತ್ತೆ ಮತ್ತೆ ಕಣ್ಣಿಗೆ ಬೀಳುತ್ತದೆ. ಹೆಗ್ಡೆ ಅಂದಕೂಡಲೇ ನಮ್ಮ ಕಡೆಯವರ ಕಣ್ಣು ಅಲ್ಲಿ ಒಂದು ಗಳಿಗೆ ನಿಲ್ಲುವುದು ಸಹಜ ತಾನೆ!

ಅಂಬರನಾಥ, ಡೊಂಬಿವಲಿ, ಕಲ್ಯಾಣದಿಂದ ದಿನಾ ಲೋಕಲ್ ಹಿಡಿದು ಐಟಿ ಕೆಲಸಕ್ಕೆ ಹೋಗುವ ಕನ್ನಡದ ಹುಡುಗ ಹುಡುಗಿಯರೇ, ಈ ಕೋಡು ಯಾರ ಬೀರುವಿನಲ್ಲೂ ಬೀಗ ಹಾಕಿಕೊಂಡು ಕೂತಿಲ್ಲ. ಲಿನಕ್ಸ್ ಆಕರದಲ್ಲಿ ಡ್ರೈವರ್ಸ್, ಅದರೊಳಗೆ ಐಓಎಂಎಂಯು, ಅದರೊಳಗೆ ಆರ್ಮ್, ಅದರೊಳಗೆ ಆರ್ಮ್-ಎಸ್‌ಎಂಎಂಯು-ವಿ3 ಎಂಬ ಫೋಲ್ಡರಿನಲ್ಲಿದೆ. ಫೋನಿನಲ್ಲೇ ಓದಬಹುದು. ಮೊದಲು ಪರೀಕ್ಷೆಯ ಫೈಲು ಓದಿ, ಆಮೇಲೆ ಫಂಕ್ಷನ್. ಏನಾದರೂ ತಪ್ಪು ಕಂಡರೆ ಕರ್ನಲ್ ಮಂದಿಗೆ ಬರೆದು ಕಳಿಸಿ. ಕರ್ನಲ್ಲಿನಲ್ಲಿ ರಿವ್ಯೂ ಮಾಡಿದವರ ಹೆಸರೂ ಪ್ಯಾಚಿನ ಜೊತೆಗೇ ದಾಖಲಾಗುತ್ತದೆ.